ಐದು ವರ್ಷ ಬಳಸಿದ ಫುಲ್ ಫೇಸ್ ಹೆಲ್ಮೆಟ್: ಏನು ಉಳಿಯಿತು, ಏನು ಸವೆಯಿತು

ಬ್ರಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನನ್ನ ತಲೆಗೆ ಸರಿಯಾಗಿ ಕೂತದ್ದು ನಿಮ್ಮ ತಲೆಗೂ ಕೂರಬೇಕು ಅಂತೇನಿಲ್ಲ. ಪ್ಲಾಸ್ಟಿಕ್ ಚಿಪ್ಪಿನ, ಐಎಸ್‌ಐ ಮಾರ್ಕ್ ಇರುವ, ಮಧ್ಯಮ ಬೆಲೆಯ ಹೆಲ್ಮೆಟ್ ಅಂದುಕೊಳ್ಳಿ. ದಿನಾ ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಆಗಾಗ ನೆಲಮಂಗಲ ದಾಟಿ ಹಾಸನ, ಸಕಲೇಶಪುರದ ಕಡೆಗೆ ಹೋಗುವಾಗ ಬಳಸಿದ್ದೇನೆ.

ಮೊದಲ ಕೆಲವು ವಾರ ಕೆನ್ನೆ ಒತ್ತುತ್ತಿತ್ತು. ಅದು ಒಳ್ಳೆಯ ಲಕ್ಷಣವೇ. ಹೊಸ ಹೆಲ್ಮೆಟ್‌ನಲ್ಲಿ ಕೆನ್ನೆ ಬಿಗಿಯಾಗಿರಬೇಕು, ಹಣೆಯ ಮೇಲೆ ಮಾತ್ರ ಒಂದೇ ಕಡೆ ನೋವು ಬರಬಾರದು. ಕೊಳ್ಳುವಾಗ ಗಲ್ಲದ ಕೆಳಗಿನ ಪಟ್ಟಿ ಬಿಗಿದುಕೊಂಡು, ಜೊತೆಗಿದ್ದವರಿಗೆ ಹಿಂದಿನ ಅಂಚು ಹಿಡಿದು ಮುಂದಕ್ಕೆ ಉರುಳಿಸಲು ಹೇಳಿ. ಕಳಚಿ ಬಂದರೆ ಅದು ನಿಮ್ಮ ಸೈಜಲ್ಲ. ಅಂಗಡಿಯವರು ‘ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ’ ಅನ್ನುವುದು ನಿಜ. ಆದರೆ ಅದನ್ನು ನೋವಾಗುವ ಹೆಲ್ಮೆಟ್‌ಗೂ ಹೇಳುತ್ತಾರೆ, ದೊಡ್ಡದಾದ ಹೆಲ್ಮೆಟ್‌ಗೂ ಹೇಳುತ್ತಾರೆ!

ಫುಲ್ ಫೇಸೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಬೈಕಿಂದ ಬೀಳುವವರು ನೆತ್ತಿಯ ಮೇಲೇ ಬೀಳುತ್ತಾರಾ? ಮುಖ, ಗಲ್ಲ, ದವಡೆಗೂ ಹೊಡೆತ ಬೀಳುತ್ತದೆ. ಅರ್ಧ ಹೆಲ್ಮೆಟ್‌ಗೆ ಅಲ್ಲಿ ಕೆಲಸವೇ ಇಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2008ರ ಪರಾಮರ್ಶೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತ್ತು. ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು 42%, ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69% ಕಡಿಮೆ ಅಂತ ಅದರ ಲೆಕ್ಕ. ಅಷ್ಟು ಲಾಭ ಸಿಗುವುದು ಹೆಲ್ಮೆಟ್ ತಲೆಯಲ್ಲೇ ಉಳಿದರೆ ತಾನೆ? ಸಿಗ್ನಲ್‌ನಲ್ಲಿ ನಿಂತು ಸುತ್ತ ನೋಡಿ, ಪಟ್ಟಿ ಜೋತಾಡುತ್ತಿರುವ ತಲೆಗಳು ಎಷ್ಟು!

ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದಿದ್ದರೆ 500 ರೂಪಾಯಿ ದಂಡ. ರಸ್ತೆ ಬದಿಯಲ್ಲಿ ಅದಕ್ಕಿಂತ ಕಡಿಮೆಗೆ ಟೋಪಿಯಂಥದ್ದು ಸಿಗುತ್ತದೆ. ಅದು ಮಾರಾಟವಾಗುವುದು ತಲೆಗಲ್ಲ, ದಂಡಕ್ಕೆ. ಅದರ ಮೇಲೂ ಐಎಸ್‌ಐ ಸ್ಟಿಕರ್ ಇರುತ್ತದೆ. ಸ್ಟಿಕರ್ ನಂಬಬೇಡಿ. ಮಾರ್ಕ್‌ನ ಮೇಲೆ ಐಎಸ್ 4151 ಅಂತ, ಕೆಳಗೆ ಸಿಎಂ/ಎಲ್ ನಂಬರ್ ಇರಬೇಕು. ಆ ನಂಬರನ್ನು ಐಎಸ್‌ಐ ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು.

ಈಗ ನನ್ನನ್ನು ನಿಜಕ್ಕೂ ಸತಾಯಿಸಿದ ಭಾಗ: ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಪರದೆ. ಈ ಬೆಲೆಯ ಹೆಲ್ಮೆಟ್ ವಿಮರ್ಶೆಗಳಲ್ಲಿ ಗ್ರಾಫಿಕ್ಸ್, ಗಾಳಿ ಕಿಂಡಿ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ವೈಸರ್ ಬಗ್ಗೆ ಒಂದು ಸಾಲು. ನನ್ನ ಪ್ರಕಾರ ದಿನನಿತ್ಯದ ಸುರಕ್ಷತೆಯಲ್ಲಿ ಅರ್ಧ ಪಾಲು ಅದರದ್ದೇ. ಬೀಳುವಾಗ ಕಾಯುವುದು ಚಿಪ್ಪು. ಬೀಳದ ಹಾಗೆ ಕಾಯುವುದು ಕಣ್ಣು. ಒಂದು ವರ್ಷ ಕಳೆಯುವಷ್ಟರಲ್ಲಿ ಸಣ್ಣ ಸಣ್ಣ ಗೀರುಗಳು ಬಿದ್ದವು. ಹಗಲಲ್ಲಿ ಕಾಣುವುದಿಲ್ಲ. ರಾತ್ರಿ ಹಾಸನದ ಹೈವೇಯಲ್ಲಿ ಎದುರಿಂದ ಹೈಬೀಮ್ ಹಾಕಿಕೊಂಡು ಲಾರಿ ಬಂದರೆ, ಪ್ರತಿ ಗೀರೂ ಬೆಳಕನ್ನು ಚೆದುರಿಸಿ ಮುಂದಿನ ರಸ್ತೆಯೇ ಮಾಯ. ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಖಾತ್ರಿ. ಮೊದಲು ನೀರು, ಬೇಕಿದ್ದರೆ ಸ್ವಲ್ಪ ಸೋಪು, ಆಮೇಲೆ ಮೆತ್ತನೆಯ ಬಟ್ಟೆ. ಇಷ್ಟು ಮಾಡಿದರೂ ವೈಸರ್‌ಗೆ ಆಯುಷ್ಯ ಕಡಿಮೆ. ಕಪ್ಪು ವೈಸರ್ ಬೇಡವೇ ಬೇಡ, ಸಂಜೆಯಾದ ಮೇಲೆ ಅದನ್ನು ಎತ್ತಿಕೊಂಡೇ ಓಡಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಷ್ಟ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಹೊರಗೆ ಮಂಜು, ಒಳಗೆ ಉಸಿರಿನ ಹಬೆ. ಕನ್ನಡಕ ಹಾಕುವವರಿಗೆ ಅದು ಎರಡು ಪದರ. ವೈಸರ್ ಒಂದು ಹಂತ ತೆರೆದರೆ ಹಬೆ ಹೋಗುತ್ತದೆ, ಮಳೆ ಒಳಗೆ ಬರುತ್ತದೆ. ಇದಕ್ಕೆ ಇರುವ ಸರಿಯಾದ ಮದ್ದು ಪಿನ್‌ಲಾಕ್: ವೈಸರ್ ಒಳಗೆ ಇನ್ನೊಂದು ತೆಳು ಹಾಳೆ, ಎರಡರ ನಡುವೆ ಸಿಕ್ಕಿಕೊಂಡ ಗಾಳಿ, ಅದರಿಂದ ಒಳಮೈ ತಣ್ಣಗಾಗುವುದಿಲ್ಲ, ಹಬೆಯೂ ಕೂರುವುದಿಲ್ಲ. ನನ್ನ ಮಾಡೆಲ್‌ಗೆ ಅದು ಬರುವುದಿಲ್ಲ. ಸ್ಪ್ರೇ ಹಾಕಿ ನೋಡಿದೆ, ಸ್ವಲ್ಪ ಹೊತ್ತಿಗೆ ಪರವಾಗಿಲ್ಲ, ಅಷ್ಟೇ.

ಒಳಗಿನ ಬಟ್ಟೆ ಬಿಚ್ಚಿ ತೊಳೆಯಬಹುದು, ಇದು ದೊಡ್ಡ ಪ್ಲಸ್ಸು. ಏಪ್ರಿಲ್ ಬೆವರು, ನಮ್ಮ ಕೊಬ್ಬರಿ ಎಣ್ಣೆ ಎರಡೂ ಸೇರಿದ ವಾಸನೆ ಗೊತ್ತಲ್ವಾ? ಮೂರನೇ ವರ್ಷಕ್ಕೆ ಕೆನ್ನೆಯ ಪ್ಯಾಡ್ ಚಪ್ಪಟೆಯಾಗಿ ಹೆಲ್ಮೆಟ್ ಅಲ್ಲಾಡತೊಡಗಿತು. ಹೊಸ ಪ್ಯಾಡ್‌ಗೆ ಕಂಪನಿಗೆ ಬರೆದರೆ ‘ಆ ಮಾಡೆಲ್ ನಿಂತಿದೆ’ ಅನ್ನುವ ಉತ್ತರ ಬಂತು. ಕೊನೆಗೆ ಗೂಗಲ್ ಮಾಡಿ ಹುಡುಕಿ ಹಳೇ ಸ್ಟಾಕ್ ತರಿಸಿದೆ. ಐದು ವರ್ಷ ಬಾಳಬೇಕಾದ ವಸ್ತುವಿಗೆ ಮೂರು ವರ್ಷಕ್ಕೇ ಬಿಡಿಭಾಗ ಇಲ್ಲ ಅನ್ನುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಸ್ಟಾರ್ ಕೊಡುವುದಾದರೆ ನಾನು ಒಂದು ಕಡಿಮೆ ಮಾಡುವುದು ಇಲ್ಲಿಯೇ.

ಇನ್ನೊಂದು, ಬೈಕಿನ ಕನ್ನಡಿಗೆ ಹೆಲ್ಮೆಟ್ ನೇತುಹಾಕಬೇಡಿ. ಒಳಗಿರುವುದು ಥರ್ಮೋಕೋಲ್‌ನದೇ ಜಾತಿ, ಪೆಟ್ಟು ಬಿದ್ದಾಗ ತಾನು ನುಜ್ಜುಗುಜ್ಜಾಗಿ ತಲೆ ನಿಧಾನಕ್ಕೆ ನಿಲ್ಲುವ ಹಾಗೆ ಮಾಡುತ್ತದೆ. ಒಮ್ಮೆ ನುಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಕನ್ನಡಿಯ ಮೊನೆ ದಿನಾ ಅದನ್ನೇ ಒತ್ತುತ್ತಿರುತ್ತದೆ. ಪೆಟ್ರೋಲ್, ಥಿನ್ನರ್ ಬಟ್ಟೆಯಲ್ಲಿ ಚಿಪ್ಪು ಒರೆಸುವುದೂ ಬೇಡ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಡುತ್ತದೆ.

ಹೊರಗಿಂದ ನನ್ನದು ಈಗಲೂ ಚೆನ್ನಾಗಿದೆ. ಆದರೂ ಬದಲಿಸುತ್ತಿದ್ದೇನೆ. ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಅಮೆರಿಕದ ಸ್ನೆಲ್ ಫೌಂಡೇಶನ್ ಐದು ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಅಂಟು, ರಾಳ ಹಳತಾಗುವುದರ ಜೊತೆಗೆ ತಲೆಗೆ ಹಾಕುವ ಎಣ್ಣೆ, ಬೆವರೂ ಒಳಗಿನ ವಸ್ತುವನ್ನು ಕೆಡಿಸುತ್ತವೆ ಅನ್ನುವುದು ಅವರ ಕಾರಣ. ಎಣ್ಣೆ ವಿಷಯದಲ್ಲಿ ನಾವಂತೂ ಧಾರಾಳ. ಹೊಸದರಲ್ಲಿ ಎರಡೇ ಷರತ್ತು: ಪಿನ್‌ಲಾಕ್ ಕೂರುವ ವೈಸರ್, ಬಿಡಿಯಾಗಿ ಸಿಗುವ ಪ್ಯಾಡ್. ಜೊತೆಗೇ ಇನ್ನೊಂದು ಕ್ಲಿಯರ್ ವೈಸರ್ ತಗೊಂಡು ಇಡುತ್ತೇನೆ. ಹಳೆಯದನ್ನು ಪಕ್ಕದ ಮನೆ ಹುಡುಗ ಕೇಳಿದ, ಕೊಡಲಿಲ್ಲ. ಪಟ್ಟಿ ಕತ್ತರಿಸಿ ಗುಜರಿಗೆ ಹಾಕುತ್ತೇನೆ.