ರಸಬಾಳೆ, ಏಲಕ್ಕಿ, ಪಚ್ಚಬಾಳೆ: ಒಂದೇ ಹಿತ್ತಿಲಿನಲ್ಲಿ ನಾಲ್ಕು ವರ್ಷ

ಮೈಸೂರಿನ ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನಿಂದ ಕಾಂಪೌಂಡು ಗೋಡೆಯವರೆಗೆ, ಹನ್ನೆರಡು ಅಡಿ ಅಗಲ ಮತ್ತು ಮೂವತ್ತು ಅಡಿ ಉದ್ದದ ಒಂದು ಪಟ್ಟಿ ಜಾಗವಿದೆ. 2020ರ ಜೂನ್ ತಿಂಗಳಲ್ಲಿ, ಮನೆಯಿಂದ ಹೊರಗೆ ಹೋಗುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಅಲ್ಲಿ ಆರಡಿಗೊಂದರಂತೆ ಐದು ಗುಂಡಿ ತೆಗೆದು ಬಾಳೆ ಹಾಕಿದೆ. ಗೋಡೆಯ ಕಡೆಯ ಒಂದನೆಯ ಮತ್ತು ಎರಡನೆಯ ಗುಂಡಿಗೆ ರಸಬಾಳೆ, ಮೂರು ಮತ್ತು ನಾಲ್ಕನೆಯದಕ್ಕೆ ಏಲಕ್ಕಿ, ಒಗೆಯುವ ಕಲ್ಲಿನ ಪಕ್ಕದ ಐದನೆಯದಕ್ಕೆ ಪಚ್ಚಬಾಳೆ. ರಸಬಾಳೆ ಮತ್ತು ಏಲಕ್ಕಿಯ ಕಂದುಗಳನ್ನು, ಅಂದರೆ ತಾಯಿಗಿಡದ ಬುಡದಲ್ಲಿ ಏಳುವ ಮರಿಗಳನ್ನು, ನಂಜನಗೂಡಿನ ಕಡೆಯ ಪರಿಚಯದ ತೋಟವೊಂದರಿಂದ ತಂದಿದ್ದೆ. ಪಚ್ಚಬಾಳೆ ಮಾತ್ರ ಜಿ-9 ಎಂದು ಎಲ್ಲರೂ ಕರೆಯುವ, ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶ ಕೃಷಿಯ ಸಸಿ. ಯಾವ ತಳಿ ಹೆಚ್ಚು ಲಾಭ ತರುತ್ತದೆ ಎಂಬುದು ರೈತರ ಲೆಕ್ಕ. ನಾಲ್ವರಿರುವ ಮನೆಯೊಂದರ ಹಿತ್ತಿಲಿಗೆ ಯಾವುದು ಹೊಂದುತ್ತದೆ ಎಂಬುದಷ್ಟೇ ನನಗೆ ತಿಳಿಯಬೇಕಿತ್ತು.

ಮೂರಕ್ಕೂ ಆರೈಕೆ ಒಂದೇ ಬಗೆಯದು. ಗುಂಡಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, ಮೂರನೆಯ ತಿಂಗಳಿನಿಂದ ಎರಡು ತಿಂಗಳಿಗೊಮ್ಮೆ ಸ್ವಲ್ಪ ಯೂರಿಯಾ ಮತ್ತು ಪೊಟ್ಯಾಷ್. ಬಾಳೆಗೆ ಪೊಟ್ಯಾಷಿನ ಹಸಿವು ಹೆಚ್ಚು. ಅದು ಕಡಿಮೆಯಾದರೆ ಕಾಯಿ ತುಂಬುವುದಿಲ್ಲ. ಸೌದೆ ಒಲೆಯ ಬೂದಿ ಸಿಗುವ ಮನೆಯವರು ಅದನ್ನೂ ಬುಡಕ್ಕೆ ಹಾಕಬಹುದು. ನೀರಿಗಾಗಿ ಪಾತ್ರೆ ತೊಳೆದ ನೀರನ್ನು ಪೈಪಿನಲ್ಲಿ ಪಾತಿಗೆ ತಿರುಗಿಸಿದ್ದೆ. ಬಟ್ಟೆ ಒಗೆದ ನೀರನ್ನು ಮಾತ್ರ ಬಿಡಲಿಲ್ಲ.

ಮೊದಲು ಗೊನೆ ಹಾಕಿದ್ದು ಪಚ್ಚಬಾಳೆ. ಎಂಟನೆಯ ತಿಂಗಳಿಗೇ ಹೂ ಹೊರಬಂತು. 2021ರ ಮೇ ಕೊನೆಯಲ್ಲಿ, ನೆಟ್ಟು ಹನ್ನೊಂದೂವರೆ ತಿಂಗಳಿಗೆ, ಗೊನೆ ಕಡಿದೆವು. ಗುಜರಿಯವರ ತಕ್ಕಡಿಯಲ್ಲಿ ತೂಗಿಸಿದಾಗ ದಿಂಡು ಸೇರಿ 27 ಕಿಲೋ ಬಂತು. ಒಂಬತ್ತು ಚಿಪ್ಪುಗಳು, ನೂರ ನಲವತ್ತಕ್ಕೂ ಹೆಚ್ಚು ಕಾಯಿಗಳು. ಆ ಭಾರಕ್ಕೆ ಗಿಡ ಏಪ್ರಿಲ್ ತಿಂಗಳ ಒಂದು ಗಾಳಿಮಳೆಯಲ್ಲಿ ಗೋಡೆಯ ಕಡೆಗೆ ವಾಲಿತ್ತು. ಅದನ್ನು ಎತ್ತಿ ಎರಡು ಬಿದಿರು ಗಳಗಳ ಕತ್ತರಿ ಕೊಟ್ಟು ನಿಲ್ಲಿಸುವಷ್ಟರಲ್ಲಿ ನನ್ನ ಅಂಗಿ ತುಂಬ ಬಾಳೆಕರೆ. ಆ ಕಲೆ ಇಂದಿಗೂ ಹೋಗಿಲ್ಲ.

ನಿಜವಾದ ತೊಂದರೆ ಗೊನೆ ಮನೆಯೊಳಗೆ ಬಂದ ಮೇಲೆ ಶುರುವಾಯಿತು. ಸಾಮಾನಿನ ಕೋಣೆಯಲ್ಲಿ ತೂಗುಹಾಕಿದ ಐದನೆಯ ದಿನ ಮೇಲಿನ ಚಿಪ್ಪನ್ನು ಮುಟ್ಟಿದರೆ ಸಿಪ್ಪೆ ಹಸಿರಾಗಿಯೇ ಇತ್ತು, ಒಳಗೆ ಮಾತ್ರ ಹಣ್ಣು ಮೆತ್ತಗಾಗಿತ್ತು. ಪಚ್ಚಬಾಳೆ ಸೇರಿರುವ ಕ್ಯಾವೆಂಡಿಶ್ ಗುಂಪಿನ ಬಾಳೆ ಸುಮಾರು 25 ಡಿಗ್ರಿಗಿಂತ ಹೆಚ್ಚು ಸೆಖೆಯಲ್ಲಿ ಹಣ್ಣಾದರೆ ಸಿಪ್ಪೆಯ ಹಸಿರು ಪೂರ್ತಿ ಕರಗುವುದಿಲ್ಲ. ಪಚ್ಚಬಾಳೆ ಎಂಬ ಹೆಸರಿಗೆ ತಕ್ಕ ನಡತೆಯೇ ಇದು. ಅಂಗಡಿಯಲ್ಲಿ ಕಾಣುವ ಅಚ್ಚ ಹಳದಿ ತಂಪು ಕೋಣೆಯಲ್ಲಿ ಮಾಗಿಸಿದ್ದರ ಫಲ. ಬಣ್ಣ ನೋಡಿ ಕಾದು ಕುಳಿತ ನಾವು ಎರಡು ದಿನ ಕಳೆದುಕೊಂಡೆವು, ಆ ಎರಡು ದಿನಗಳಲ್ಲಿ ಆರು ಚಿಪ್ಪು ಒಟ್ಟಿಗೆ ಹಣ್ಣಾದವು. ನಾಲ್ವರು ಬೆಳಿಗ್ಗೆ, ಸಂಜೆ ತಿಂದರೂ ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ಮುಗಿಯಲಿಲ್ಲ. ಪಕ್ಕದ ಮನೆಯ ಅಜ್ಜಿಗೆ ಮೂರನೆಯ ಸಲ ಚಿಪ್ಪು ಹಿಡಿದುಕೊಂಡು ಹೋದಾಗ ಅವರು ಬಾಗಿಲಲ್ಲೇ, "ಬೇಡ ಕಣಪ್ಪ, ನೀನು ಮೊನ್ನೆ ಕೊಟ್ಟಿದ್ದೇ ಹಾಗೇ ಇದೆ, ಸೊಳ್ಳೆ ಮುತ್ತುತ್ತಿವೆ" ಎಂದರು. ಉಳಿದದ್ದನ್ನು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ, ಮೈದಾಹಿಟ್ಟು ಸೇರಿಸಿ ಮಂಗಳೂರು ಬನ್ಸ್ ಮಾಡಿದೆವು. ಬನ್ಸಿಗೆ ಪಚ್ಚಬಾಳೆಯಷ್ಟು ಒದಗುವ ಹಣ್ಣು ಬೇರೆ ಇಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ವಾರವಿಡೀ ಬನ್ಸ್ ತಿನ್ನುವ ಮನೆ ನಮ್ಮದಲ್ಲ. ಮುಂದಿನ ಕೂಳೆಯ, ಅಂದರೆ ಕಡಿದ ಗಿಡದ ಬುಡದಿಂದ ಎದ್ದ ಮರಿಗಿಡದ, ಗೊನೆ ಕಡಿಯುವಾಗ ಮೇಲಿನ ನಾಲ್ಕು ಚಿಪ್ಪುಗಳನ್ನು ಕಾಯಿಯಾಗಿರುವಾಗಲೇ ತೆಗೆದು ಪಲ್ಯಕ್ಕೆ ಮತ್ತು ಬಜ್ಜಿಗೆ ಬಳಸಿದೆವು. ಆಗ ಲೆಕ್ಕ ಸರಿಹೋಯಿತು.

ಏಲಕ್ಕಿಯ ನಡೆ ನಿಧಾನ. ಹತ್ತನೆಯ ತಿಂಗಳಿಗೆ ಹೂ, ಆಗಸ್ಟಿನಲ್ಲಿ ಗೊನೆ, ತೂಕ 11 ಕಿಲೋ. ಅಂಕಿಗಳನ್ನಷ್ಟೇ ನೋಡಿದರೆ ಪಚ್ಚಬಾಳೆಯ ಅರ್ಧಕ್ಕೂ ಕಡಿಮೆ ಫಲ, ಅದಕ್ಕಿಂತ ಎರಡೂವರೆ ತಿಂಗಳು ಹೆಚ್ಚು ಕಾಯುವಿಕೆ. ಮನೆಯ ಅನುಭವ ಇದಕ್ಕೆ ತೀರ ಬೇರೆಯಾಗಿತ್ತು. ಮೇಲಿನ ಚಿಪ್ಪು ಹಳದಿಯಾದ ದಿನದಿಂದ ಕೆಳಗಿನದು ಹಣ್ಣಾಗುವವರೆಗೆ ಒಂಬತ್ತು ದಿನ ಹಿಡಿಯಿತು. ಸಿಪ್ಪೆ ಕಾಗದದಷ್ಟು ತೆಳು, ಅದರ ಮೇಲೆ ಕಪ್ಪು ಚುಕ್ಕೆ ಬಿದ್ದರೂ ಒಳಗಿನ ತಿರುಳು ಗಟ್ಟಿಯಾಗಿಯೇ ಉಳಿಯುತ್ತದೆ; ಹಣ್ಣು ತೊಟ್ಟಿನಿಂದ ಉದುರುವುದಿಲ್ಲ. ಮಗುವಿನ ಕೈಗೆ ಒಂದು ಕೊಟ್ಟರೆ ಒಂದು ಪೂರ್ತಿ ತಿಂದು ಮುಗಿಸುತ್ತದೆ, ಅರ್ಧ ತಿಂದು ಸೋಫಾದ ಕೆಳಗೆ ಇಡುವುದಿಲ್ಲ. ಇದೊಂದು ಗುಣವನ್ನು ಯಾವ ತೋಟಗಾರಿಕೆ ಕೈಪಿಡಿಯೂ ಬರೆಯುವುದಿಲ್ಲ. ಊಟಕ್ಕೆ ಎಲೆ ಕೊಯ್ಯುವಾಗಲೂ ನಮ್ಮ ಮನೆಯವರ ಕೈ ಹೋಗುತ್ತಿದ್ದುದು ಏಲಕ್ಕಿಯ ಕಡೆಗೇ. ಪಚ್ಚಬಾಳೆಯ ಎಲೆ ಅಗಲವಾಗಿದ್ದರೂ ಗಾಳಿಗೆ ಸೀಳಿಹೋಗಿರುತ್ತಿತ್ತು.

ಇನ್ನು ರಸಬಾಳೆ. ನಂಜನಗೂಡು ಮೈಸೂರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಅಲ್ಲಿನ ಜೇಡಿಯುಕ್ತ ಕಪ್ಪು ಮಣ್ಣಿನಲ್ಲಿ, ಅದರಲ್ಲೂ ದೇವರಸನಹಳ್ಳಿಯ ಸುತ್ತ ಬೆಳೆದ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ತಮಿಳುನಾಡಿನಲ್ಲಿ ರಸ್ತಾಳಿ ಎಂದು ಕರೆಯುವುದು ಇದೇ ಬಳಗದ ಬಾಳೆಯನ್ನು. ಮಾರುಕಟ್ಟೆಯಲ್ಲಿ ರಸಬಾಳೆ ಎಂದು ಮಾರುವುದೆಲ್ಲ ನಂಜನಗೂಡಿನದಲ್ಲ, ನನ್ನ ಹಿತ್ತಿಲಿನದೂ ಆ ಮಣ್ಣಿನದಲ್ಲ; ಆದ್ದರಿಂದ ಆ ಹೆಸರಿನ ಪೂರ್ತಿ ಗೌರವವನ್ನು ನಾನು ಕೇಳುವುದಿಲ್ಲ.

ಒಂದನೆಯ ಗುಂಡಿಯ ಗಿಡ 2021ರ ಸೆಪ್ಟೆಂಬರಿನಲ್ಲಿ 10 ಕಿಲೋ ಗೊನೆ ಕೊಟ್ಟಿತು. ಆ ಹಣ್ಣನ್ನು ತಿನ್ನಲು ತಾಳ್ಮೆ ಬೇಕು. ಹಳದಿಯಾದ ದಿನವೇ ಸುಲಿದರೆ ನಾಲಿಗೆಗೆ ಒಗರು ಹತ್ತುತ್ತದೆ. ಇನ್ನೆರಡು ದಿನ ಬಿಟ್ಟು, ಸಿಪ್ಪೆ ಕಪ್ಪಾಗತೊಡಗಿ ಇದು ಕೆಟ್ಟಿತೇನೋ ಎನ್ನಿಸುವ ಹೊತ್ತಿಗೆ ಬಿಡಿಸಿದರೆ ಬೆಳ್ಳಗಿನ ತಿರುಳು, ಮೊದಲು ಹಿಟ್ಟಿನಂತೆ ಪುಡಿಯಾಗಿ ಆಮೇಲೆ ಕರಗುವ ನಯ, ಕೋಣೆ ತುಂಬುವ ಪರಿಮಳ. ಹೆಚ್ಚಿ, ಬೆಲ್ಲ, ತೆಂಗಿನಕಾಯಿ ಹಾಲು, ಏಲಕ್ಕಿ ಪುಡಿ ಹಾಕಿ ಮಾಡಿದ ರಸಾಯನದಲ್ಲಿ ಉಳಿದೆರಡು ತಳಿಗಳು ಇದರ ಹತ್ತಿರವೂ ಸುಳಿಯಲಾರವು. ರುಚಿಯ ಮಟ್ಟಿಗೆ ನಮ್ಮ ಮನೆಯಲ್ಲಿ ಎರಡನೆಯ ಮಾತೇ ಇರಲಿಲ್ಲ. ಆದರೆ ಆ ಹದವಾದ ದಿನವೇ ಹಣ್ಣು ತೊಟ್ಟಿನಿಂದ ಕಳಚಿ ಬೀಳಲು ಆರಂಭಿಸುತ್ತದೆ. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ ನೆಲದ ಮೇಲೆ ಏಳೆಂಟು ಹಣ್ಣುಗಳು ಒಡೆದು ಬಿದ್ದಿರುತ್ತಿದ್ದವು, ಇರುವೆಗಳ ಸಾಲು ನಮಗಿಂತ ಮೊದಲೇ ಬಂದಿರುತ್ತಿತ್ತು. ಕೆಲವು ಹಣ್ಣುಗಳ ತಿರುಳಿನಲ್ಲಿ ಕಡಲೆಕಾಯಿ ಬೀಜದಷ್ಟು ಗಟ್ಟಿ ಗಂಟುಗಳೂ ಇದ್ದವು. ಅದು ಈ ಬಳಗದ ಬಾಳೆಗೆ ಇರುವ ಹಳೆಯ ದೋಷ.

ಎರಡನೆಯ ಗುಂಡಿಯ ರಸಬಾಳೆಯ ಕಥೆಯೇ ಈ ಹೋಲಿಕೆಯನ್ನು ತಿರುಗಿಸಿದ್ದು. ನೆಟ್ಟು ಒಂಬತ್ತು ತಿಂಗಳಾದಾಗ ಅದರ ಕೆಳಗಿನ ಎಲೆಗಳು ಅಂಚಿನಿಂದ ಒಳಕ್ಕೆ ಹಳದಿಯಾದವು. ನೀರು ಕಡಿಮೆಯಾಗಿರಬೇಕೆಂದು ಹೆಚ್ಚು ಬಿಟ್ಟೆ, ಅದು ನಾನು ಮಾಡಿದ ತಪ್ಪು. ಎರಡು ವಾರದಲ್ಲಿ ಎಲೆಗಳು ತೊಟ್ಟಿನ ಬಳಿ ಮುರಿದು ಲಂಗದಂತೆ ಕಾಂಡದ ಸುತ್ತ ಜೋತುಬಿದ್ದವು, ಸುಳಿಯ ಒಂದೇ ಎಲೆ ಮಾತ್ರ ನೆಟ್ಟಗೆ ನಿಂತಿತ್ತು. ಬುಡದಲ್ಲಿ ಕಾಂಡ ಉದ್ದಕ್ಕೆ ಸೀಳಿತ್ತು. ಕಡಿದು, ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದು ನೋಡಿದೆ. ಬೆಳ್ಳಗಿರಬೇಕಾದ ಗೆಡ್ಡೆಯೊಳಗೆ ಇಟ್ಟಿಗೆ ಬಣ್ಣದ ಚುಕ್ಕೆಗಳು ಒಂದು ಉಂಗುರವಾಗಿ ಕೂಡಿಕೊಂಡಿದ್ದವು. ಪನಾಮಾ ಸೊರಗು ರೋಗದ ಗುರುತು ಅದು. ಫ್ಯುಸೇರಿಯಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಗಿಡ ನೀರಿನ ನಡುವೆಯೇ ಬಾಯಾರಿ ಸಾಯುತ್ತದೆ. ನಂಜನಗೂಡಿನಲ್ಲಿ ರಸಬಾಳೆಯ ತೋಟಗಳು ಕುಗ್ಗಲು ಮುಖ್ಯ ಕಾರಣವಾದದ್ದು ಇದೇ ರೋಗ, ಕಳೆದ ಶತಮಾನದ ಮಧ್ಯದಲ್ಲಿ ಮಧ್ಯ ಅಮೆರಿಕದ ಗ್ರೋ ಮಿಷೆಲ್ ಬಾಳೆಯನ್ನು ರಫ್ತಿನ ವ್ಯಾಪಾರದಿಂದಲೇ ಅಳಿಸಿಹಾಕಿದ್ದೂ ಇದೇ. ಮಣ್ಣು ತಂದದ್ದೋ ಕಂದು ತಂದದ್ದೋ ಎಂದು ಬಹಳ ಯೋಚಿಸಿದೆ. ಹಿಂದೆಂದೂ ಬಾಳೆ ಕಾಣದ ಹಿತ್ತಿಲಾದ್ದರಿಂದ ಕಂದಿನ ಜೊತೆಗೇ ಬಂದಿತೆಂದು ಭಾವಿಸುತ್ತೇನೆ. ಕೊಟ್ಟವರ ಮೇಲೆ ನನಗೆ ದೂರಿಲ್ಲ. ಹೊರಗಿನಿಂದ ನೋಡಿದರೆ ಆ ಕಂದು ಕತ್ತಿಯಂತಹ ಎಲೆಗಳ, ದಪ್ಪ ಬುಡದ, ಯಾರೂ ಆರಿಸಿಕೊಳ್ಳುವಂತಹ ಕಂದಾಗಿತ್ತು.

ಆ ಗುಂಡಿಯನ್ನು ಸುಣ್ಣ ಹಾಕಿ ಮೂರು ತಿಂಗಳು ಖಾಲಿ ಬಿಟ್ಟು ಏಲಕ್ಕಿಯ ಕಂದು ನೆಟ್ಟೆ. ಏಳನೆಯ ತಿಂಗಳಿಗೆ ಅದಕ್ಕೂ ಅದೇ ಹಳದಿ, ಅದೇ ಲಂಗ. ಏಲಕ್ಕಿಯೂ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ ಎಂಬುದನ್ನು ಓದಿ ತಿಳಿಯುವ ಮೊದಲು ಗುಂಡಿಯೇ ನನಗೆ ತಿಳಿಸಿತು. ಅಷ್ಟರಲ್ಲಿ ಒಂದನೆಯ ಗುಂಡಿಯ ರಸಬಾಳೆಯ ಕೂಳೆಯೂ ಸೊರಗಿತು. ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರಬಲ್ಲದು, ಹಿತ್ತಿಲಿನ ಮಟ್ಟದಲ್ಲಿ ಅದನ್ನು ತೊಡೆದುಹಾಕುವ ಔಷಧಿ ಇಲ್ಲ. 2022ರ ಜುಲೈನಲ್ಲಿ ಅದೇ ಎರಡನೆಯ ಗುಂಡಿಗೆ ಜಿ-9 ಸಸಿ ಇಟ್ಟೆ. ಅದು ಏನೂ ಆಗದವರಂತೆ ಬೆಳೆದು ಮುಂದಿನ ವರ್ಷ 24 ಕಿಲೋ ಕೊಟ್ಟಿತು. ಈ ಶಿಲೀಂಧ್ರದಲ್ಲಿ ಹಲವು ಪ್ರಭೇದಗಳಿವೆ; ರಸಬಾಳೆ, ಏಲಕ್ಕಿಗಳನ್ನು ಕೊಲ್ಲುವ ಒಂದನೆಯ ಪ್ರಭೇದವನ್ನು (ರೇಸ್ 1) ಪಚ್ಚಬಾಳೆಯ ಗುಂಪು ತಾಳಿಕೊಳ್ಳುತ್ತದೆ. ಗ್ರೋ ಮಿಷೆಲ್ ಹೋದ ಜಾಗಕ್ಕೆ ಜಗತ್ತಿನಾದ್ಯಂತ ಈ ಗುಂಪು ಬಂದದ್ದೂ ಅದೇ ಕಾರಣಕ್ಕೆ. ಟಿಆರ್-4 ಎಂಬ ಹೊಸ ಪ್ರಭೇದದ ಮುಂದೆ ಇದೂ ಸೋಲುತ್ತದೆ, ಬಿಹಾರ ಮತ್ತು ಉತ್ತರ ಪ್ರದೇಶದ ತೋಟಗಳಲ್ಲಿ ಅದು ಈಗಾಗಲೇ ಕಾಣಿಸಿಕೊಂಡಿದೆ. ಸದ್ಯಕ್ಕೆ ನನ್ನ ಗುಂಡಿಯಲ್ಲಿರುವುದು ಅದಲ್ಲ. ಮೊದಲ ವರ್ಷ ತಿಂದು ಮುಗಿಸಲಾಗದೆ ಬೈದುಕೊಂಡ ಪಚ್ಚಬಾಳೆಯ ಬಗ್ಗೆ ಅಂದಿನಿಂದ ನಾನು ಸ್ವಲ್ಪ ಮರ್ಯಾದೆಯಿಂದ ಮಾತನಾಡುತ್ತೇನೆ.

ನೇಂದ್ರ ಮತ್ತು ಕಮಲಾಪುರದ ಕೆಂಪು ಬಾಳೆಯನ್ನು ಏಕೆ ಪ್ರಯತ್ನಿಸಲಿಲ್ಲ ಎಂದು ಕೆಲವರು ಕೇಳಿದ್ದಾರೆ. ಚಿಪ್ಸಿಗೆಂದೇ ಒಂದು ಗುಂಡಿ ಮೀಸಲಿಡುವಷ್ಟು ಜಾಗ ನನಗಿಲ್ಲ, ಕೆಂಪು ಬಾಳೆಗೆ ಒಂದೂವರೆ ವರ್ಷ ಕಾಯುವ ಸಹನೆಯೂ ಇಲ್ಲ.

ರಸಬಾಳೆಯನ್ನು ಮಾತ್ರ ಕೈಬಿಡಲು ಮನಸ್ಸಾಗಲಿಲ್ಲ. 2022ರ ಆಗಸ್ಟಿನಲ್ಲಿ ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿ ಕೊಯ್ದು, ತಳಕ್ಕೆ ತೂತು ಹೊಡೆದು, ಹಿತ್ತಿಲಿನ ಮಣ್ಣನ್ನು ಒಂದು ಹಿಡಿಯೂ ಸೇರಿಸದೆ ಹೊರಗಿನಿಂದ ತಂದ ಕೆಮ್ಮಣ್ಣು ಮತ್ತು ಎರೆಗೊಬ್ಬರ ತುಂಬಿ, ರೋಗವಿಲ್ಲದ ಅಂಗಾಂಶ ಕೃಷಿಯ ರಸಬಾಳೆ ಸಸಿಯನ್ನು ಇಟ್ಟೆ. ಡ್ರಮ್ಮನ್ನು ಇಟ್ಟಿಗೆಗಳ ಮೇಲೆ, ಸಿಮೆಂಟು ನೆಲದಲ್ಲಿ ಇರಿಸಿದೆ. ಹಿತ್ತಿಲಿನಲ್ಲಿ ಬಳಸಿದ ಗುದ್ದಲಿ, ಮಚ್ಚುಗಳನ್ನು ತೊಳೆಯದೆ ಅದರ ಹತ್ತಿರ ಒಯ್ಯುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಬೇಕಾಯಿತು, ಊರಿಗೆ ಹೋಗುವುದಾದರೆ ಯಾರಿಗಾದರೂ ಹೇಳಿ ಹೋಗಬೇಕಾಯಿತು. ಹದಿನೈದು ತಿಂಗಳಿಗೆ ನಾಲ್ಕು ಚಿಪ್ಪಿನ ಐದು ಕಿಲೋ ಗೊನೆ ಬಂತು. ನಾಲ್ವರಿಗೆ ನಾಲ್ಕು ದಿನಕ್ಕೆ ಅದು ಸರಿಹೋಯಿತು, ಒಂದು ಹಣ್ಣೂ ನೆಲಕ್ಕೆ ಬೀಳುವಷ್ಟು ಕಾಲ ಉಳಿಯಲಿಲ್ಲ.

ಈಗ ರೋಗ ತಗುಲಿದ ಒಂದು ಮತ್ತು ಎರಡನೆಯ ಗುಂಡಿಯಲ್ಲಿ ಪಚ್ಚಬಾಳೆ, ಮೂರು ಮತ್ತು ನಾಲ್ಕರಲ್ಲಿ ಇನ್ನೂ ಆರೋಗ್ಯವಾಗಿರುವ ಏಲಕ್ಕಿ ಇವೆ. ಐದನೆಯದರ ಪಚ್ಚಬಾಳೆಯನ್ನು ತೆಗೆದು ಅಲ್ಲಿಗೂ ಏಲಕ್ಕಿ ಹಾಕಿದ್ದೇನೆ, ಏಕೆಂದರೆ ಒಂದು ಮನೆಗೆ ಮೂರು ಪಚ್ಚಬಾಳೆ ಗೊನೆಗಳು ಅತಿಯಾಯಿತು. ಪಾತಿಯ ನೀರು ಗೋಡೆಯ ಕಡೆಯಿಂದ ಈ ಕಡೆಗೆ ಹರಿಯದಂತೆ ನಡುವೆ ಒಂದು ಏರಿ ಕಟ್ಟಿದ್ದೇನೆ. ಅದು ಎಷ್ಟು ವರ್ಷ ತಡೆಯುತ್ತದೆಯೋ ನೋಡಬೇಕು. ಡ್ರಮ್ಮಿನ ರಸಬಾಳೆಯ ಬುಡದಲ್ಲಿ ಎರಡು ಕಂದು ಎದ್ದಿವೆ, ಪಕ್ಕದ ಮನೆಯ ಅಜ್ಜಿ ಒಂದನ್ನು ಕೇಳಿದ್ದಾರೆ. ತಾಯಿಗಿಡದ ಗೆಡ್ಡೆಯನ್ನು ಕೊಯ್ದು, ಒಳಗೆ ಬೆಳ್ಳಗಿರುವುದನ್ನು ಅವರ ಕಣ್ಣಿಗೆ ತೋರಿಸಿದ ಮೇಲೆಯೇ ಕೊಡುತ್ತೇನೆ ಎಂದಿದ್ದೇನೆ.