ಕಾಗುಣಿತವೇ ಇಲ್ಲದ ಲಿಪಿಗೆ ಒಂದು ಡಬ್ಬಿ ಕಾರ್ಡು, 5ಕ್ಕೆ 3 ಸ್ಟಾರ್

ಲೀನಿಯರ್ ಬಿ ಲಿಪಿಯ ಫ್ಲ್ಯಾಶ್ ಕಾರ್ಡ್ ಸೆಟ್ ಇದು, ಆನ್‌ಲೈನಲ್ಲಿ 650 ರೂಪಾಯಿ ಕೊಟ್ಟು ತರಿಸ್ಕೊಂಡೆ, ಮನೇಲಿ ಇದ್ಯಾವ ಹೊಸ ಇಸ್ಪೀಟು ಅಂದ್ರು. ಮೂರು ಸಾವಿರ ವರ್ಷಕ್ಕೂ ಹಿಂದೆ ಕ್ರೀಟ್ ದ್ವೀಪದ ಕ್ನೊಸ್ಸೊಸ್, ಗ್ರೀಸಿನ ಪೈಲೋಸ್ ಅರಮನೆಗಳಲ್ಲಿ ಲೆಕ್ಕ ಬರೆಯೋರು ಹಳೇ ಗ್ರೀಕ್ ಭಾಷೇನ ಹಸಿ ಮಣ್ಣಿನ ಹಲಗೆ ಮೇಲೆ ಗೀಚ್ತಿದ್ದ ಅಕ್ಷರಗಳು. ಒಟ್ಟು 87, ಒಂದೊಂದಕ್ಕೂ ಒಂದು ಕಾರ್ಡು.

ಕನ್ನಡ ಗೊತ್ತಿರೋರಿಗೆ ಇದು ಸುಲಭ ಅನ್ಕೊಂಡಿದ್ದೆ, ಕ ಕಿ ಕು ಕೆ ಕೊ ಎಲ್ಲಾ ನಮ್ ಥರಾನೇ ಒಂದೊಂದೇ ಅಕ್ಷರ ತಾನೇ ಅಂತ. ಅಲ್ಲ ಸ್ವಾಮಿ! ನಮ್ಮಲ್ಲಿ ಕ ಕಲಿತ್ರೆ ಗುಡಿಸು ಕೊಂಬು ಸೇರಿಸ್ಕೊಂಡು ಹೋಗ್ಬಹುದು, ಇಲ್ಲಿ ಐದಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದ ಐದು ಚಿತ್ರ, ಬಾಯಿಪಾಠ ಬಿಟ್ರೆ ಬೇರೆ ದಾರಿ ಇಲ್ಲ. ಅದಕ್ಕೇ ಪುಸ್ತಕಕ್ಕಿಂತ ಕಾರ್ಡು ವಾಸಿ, ಬಸ್ಸಲ್ಲಿ ಕೂತು ದಿನಕ್ಕೆ ಐದೈದು ತಿರುಗಿಸಿದೆ, ಮೂರು ವಾರದಲ್ಲಿ ಮುಕ್ಕಾಲು ಪಾಲು ಬಂತು.

ಮಜಾ ಇರೋದು ಓದೋಕೆ ಶುರು ಮಾಡಿದ್ಮೇಲೆ. ಕ ಖ ಗ ಮೂರಕ್ಕೂ ಒಂದೇ ಚಿಹ್ನೆ, ರ ಲ ಎರಡಕ್ಕೂ ಒಂದೇ, ಒತ್ತಕ್ಷರ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಪದದ ಕೊನೇ ಸ್ ಬರೆಯೋದೇ ಇಲ್ಲ. ಹಾಗಾಗಿ ಕ್ನೊಸ್ಸೊಸ್ ಹೋಗಿ ಕೊ-ನೊ-ಸೊ ಆಗುತ್ತೆ, ಫೈಸ್ಟೋಸ್ ಅನ್ನೋ ಊರು ಪ-ಇ-ತೊ. ಆಗಷ್ಟೇ ಮಾತು ಕಲಿಯೋ ಮಗು ಗ್ರೀಕ್ ಮಾತಾಡಿದ ಹಾಗಿದೆ.

ಇನ್ನು ತಕರಾರು. ಜೊತೆಗೆ ಕೊಟ್ಟಿರೋ ಬುಕ್‌ಲೆಟ್ ನಾಲ್ಕೇ ಪುಟ, ಅದ್ರಲ್ಲಿ 1952ರಲ್ಲಿ ಮೈಕೆಲ್ ವೆಂಟ್ರಿಸ್ ಈ ಲಿಪಿ ಓದೋದು ಹೇಗೆ ಅಂತ ಕಂಡುಹಿಡಿದ್ರು ಅಂತಿದೆ, ಸರಿ, ಆದ್ರೆ ಪದಗಳ ಕೊನೆ ಒಂದು ಕ್ರಮದಲ್ಲಿ ಬದಲಾಗುತ್ತೆ ಅಂತ ಅದಕ್ಕೂ ಮೊದಲೇ ತೋರಿಸಿ 1950ರಲ್ಲಿ ತೀರ್ಕೊಂಡ ಅಮೆರಿಕದ ಸಂಶೋಧಕಿ ಆಲಿಸ್ ಕೋಬರ್ ಹೆಸರೇ ಇಲ್ಲ. ಪೇಪರ್ ಸಿಗದ ಕಾಲದಲ್ಲಿ ಆಯಮ್ಮ ಹಳೇ ಗ್ರೀಟಿಂಗ್ ಕಾರ್ಡ್ ಎಲ್ಲಾ ಕತ್ತರಿಸಿ ಟಿಪ್ಪಣಿ ಬರೆದು ಸಿಗರೇಟ್ ಡಬ್ಬಿಗಳಲ್ಲಿ ಜೋಡಿಸಿಟ್ಟಿದ್ರು. ಕಾರ್ಡು ಮಾರೋರಾದ್ರೂ ನೆನೆಸ್ಕೋಬೇಕಿತ್ತು!

ಕುರಿ, ಎಣ್ಣೆ, ಪಾತ್ರೆ ಇಂಥ ಚಿತ್ರ ಚಿಹ್ನೆಗಳು ನೂರಕ್ಕೂ ಮೇಲಿವೆ, ಒಂದನ್ನೂ ಕೊಟ್ಟಿಲ್ಲ. ಪೈಲೋಸಿನ ಹಲಗೆಯೊಂದರಲ್ಲಿ ತಿ-ರಿ-ಪೊ-ದೆ (ಟ್ರೈಪಾಡ್ ಅಂತೀವಲ್ಲ, ಅದೇ) ಅಂತ ಬರೆದು ಪಕ್ಕದಲ್ಲೇ ಮೂರು ಕಾಲಿನ ಪಾತ್ರೆ ಬಿಡಿಸಿದ್ದಾರೆ, ವೆಂಟ್ರಿಸ್ ಓದಿದ್ದು ಸರಿ ಅಂತ ಜನ ಒಪ್ಪಿದ್ದೇ ಅದನ್ನ ನೋಡಿ, ಅದೊಂದು ಕಾರ್ಡ್ ಹಾಕಿದ್ರೆ ಏನ್ ಕಳ್ಕೋತಿದ್ರು?

ಕಾಗದ ತೆಳು, ಪ್ರಿಂಟ್ ಪರವಾಗಿಲ್ಲ. ನನ್ನ ಡಬ್ಬೀಲಿ ರೊ ಎರಡು ಬಂದಿತ್ತು, ಪ ಇರ್ಲಿಲ್ಲ. ರೊ ಅಂದ್ರೆ ಬರೀ ಕೂಡಿಸೋ ಗುರುತು, ಅದಕ್ಕೆ ಇನ್ನೊಂದು ಅಡ್ಡಗೆರೆ ಎಳೆದ್ರೆ ಪ, ಪೆನ್ನಲ್ಲಿ ಎಳ್ಕೊಂಡೆ. ಆಮೇಲೆ ಸುಮ್ನಿರದೆ ರೀಪ್ಲೇಸ್‌ಮೆಂಟ್ ಕೇಳಿದೆ, ಹೊಸ ಡಬ್ಬಿ ಕಳಿಸಿದ್ರು, ಅದರಲ್ಲೂ ಎರಡು ರೊ.