ಅಸಿಟಜೋಲಮೈಡ್, ಟೋಪಿರಮೇಟ್: ಎರಡನ್ನೂ ನುಂಗಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ತಲೆಬುರುಡೆಯೊಳಗಿನ ಒತ್ತಡಕ್ಕೆ ಕೊಡುವ ಈ ಎರಡು ಮಾತ್ರೆಗಳಲ್ಲಿ ನನ್ನ ಓಟು ಅಸಿಟಜೋಲಮೈಡ್‌ಗೆ. ಅಂಗಡಿಯಲ್ಲಿ ಡೈಮಾಕ್ಸ್ ಅಂತ ಕೊಡುತ್ತಾರಲ್ಲ, ಅದೇ. ಟೋಪಿರಮೇಟ್ ಕೆಟ್ಟ ಮಾತ್ರೆ ಅಂತ ನಾನು ಹೇಳುತ್ತಿಲ್ಲ. ಆದರೆ ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನಗೆ ಬಾಯಿಗೆ ಮಾತು ಬರಬೇಕು.

ನನಗಿರುವುದು ಐಐಎಚ್, ಅಂದರೆ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್. ತಲೆಬುರುಡೆಯೊಳಗೆ ಒತ್ತಡ ಏರುತ್ತದೆ, ಆದರೆ ಗೆಡ್ಡೆ ಇರುವುದಿಲ್ಲ. ಬಗ್ಗಿ ಕೊಡ ಎತ್ತಿದರೆ ಎರಡು ಸೆಕೆಂಡು ಕಣ್ಣು ಕತ್ತಲಾಗುತ್ತಿತ್ತು. ರಾತ್ರಿ ಮಲಗಿದರೆ ನಾಡಿ ಬಡಿತದ ಜೊತೆಗೇ ಕಿವಿಯಲ್ಲಿ ಸುಂಯ್ ಅನ್ನುತ್ತಿತ್ತು. ಒಂದು ಅಂಗಡಿಯವರು ಎರಡು ಸಲ ಕನ್ನಡಕ ಬದಲಾಯಿಸಿಕೊಟ್ಟರು, ಆರು ತಿಂಗಳು ಹಾಗೇ ಹೋಯಿತು. ಕೊನೆಗೆ ಕಣ್ಣಿನ ಡಾಕ್ಟರು ಹನಿ ಹಾಕಿ ನೋಡಿದಾಗ ಕಣ್ಣಿನ ನರದ ಬುಡ ಊದಿತ್ತು. ಎಂಆರ್‌ಐ ಆಯಿತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಎಂಆರ್‌ವಿ ಆಯಿತು. ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ಒತ್ತಡ ಅಳೆದರೆ 34 ಸೆಂಟಿಮೀಟರ್. ದೊಡ್ಡವರಲ್ಲಿ 25 ದಾಟಿದರೇ ಜಾಸ್ತಿ.

ನೀರು ತೆಗೆದ ದಿನ ತಲೆ ಹೂವಿನಷ್ಟು ಹಗುರ. ಆದರೆ ನಮ್ಮ ದೇಹ ಆ ನೀರನ್ನು ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಮಾಡುತ್ತದೆ. ವಾರದೊಳಗೆ ನೋವು ವಾಪಸ್ ಬಂತು.

ಶುರು ಮಾಡಿದ್ದು ಟೋಪಿರಮೇಟ್‌ನಿಂದ. ತಲೆನೋವು ಮೈಗ್ರೇನ್ ಥರ ಇತ್ತು, ತೂಕ 84 ಕೆಜಿ. ಈ ಮಾತ್ರೆ ಎರಡಕ್ಕೂ ಆಗುತ್ತದೆ ಅಂತ ಡಾಕ್ಟರು ಹೇಳಿದರು. ಹೇಳಿದ ಹಾಗೇ ಆಯಿತು. ರಾತ್ರಿ 25 ಮಿಲಿಗ್ರಾಂನಿಂದ ಹೊರಟು ದಿನಕ್ಕೆ 100ಕ್ಕೆ ಬರುವಷ್ಟರಲ್ಲಿ ತಲೆನೋವು ಅರ್ಧಕ್ಕರ್ಧ ಇಳಿಯಿತು. ಹಸಿವು ಸತ್ತುಹೋಯಿತು, ನಾಲ್ಕು ತಿಂಗಳಲ್ಲಿ 4 ಕೆಜಿ ಕಡಿಮೆಯಾದೆ.

ಆಮೇಲೆ ಮಾತು ಹೋಗತೊಡಗಿತು. ಎಂಟನೇ ತರಗತಿಯಲ್ಲಿ ಭಿನ್ನರಾಶಿ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಗೆರೆ ಎಳೆದು ಮೇಲಿನದು ಅಂಶ ಅಂದೆ. ಕೆಳಗಿನದಕ್ಕೆ ಬೆರಳಿಟ್ಟು ನಿಂತೆ. ಹೆಸರು ಬರಲಿಲ್ಲ. ಹದಿನೈದು ವರ್ಷದಿಂದ ದಿನಾ ಹೇಳುವ ಮಾತು. ಅದೇನು, ಅದನ್ನು ಹೇಗೆ ಮಾಡಬೇಕು, ಎಲ್ಲ ಗೊತ್ತಿದೆ. ಹೆಸರು ಇದ್ದ ಜಾಗ ಮಾತ್ರ ಖಾಲಿ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ "ಛೇದ, ಮಿಸ್" ಅಂದಳು.

ಮೊದಲು ಸುಸ್ತು ಅಂದುಕೊಂಡೆ. ಆದರೆ ಮನೆಯಲ್ಲೂ ಅದೇ. ಜರಡಿ ಬೇಕಿದ್ದರೆ "ಆ ಹಿಟ್ಟು ಸೋಸೋದು ಕೊಡು" ಅನ್ನುತ್ತಿದ್ದೆ. ಹಾಜರಿ ಕೂಗುವಾಗ ಪುಸ್ತಕದಲ್ಲಿ ಹೆಸರು ಇರುತ್ತದೆ, ಸರಿ. ಕಾರಿಡಾರಿನಲ್ಲಿ ಸಿಕ್ಕ ಮಗುವಿನ ಹೆಸರು ಹೊಳೆಯುತ್ತಿರಲಿಲ್ಲ. ಮಕ್ಕಳಿಗೆ ಅದು ಬೇಜಾರು, ಅಲ್ವಾ? ಲೆಕ್ಕ ಬಾಯಲ್ಲಿ ಮಾಡುತ್ತಿದ್ದವಳು ಪೇಪರು ಹಿಡಿಯತೊಡಗಿದೆ. ಪರೀಕ್ಷೆ ಪೇಪರು ತಿದ್ದಲು ದುಪ್ಪಟ್ಟು ಹೊತ್ತು ಹಿಡಿಯಿತು. ಮನಸ್ಸು ಕೂಡ ಕುಗ್ಗಿತ್ತು. ಅದೂ ಈ ಮಾತ್ರೆಯಿಂದ ಆಗಬಹುದು ಅಂತ ಆಮೇಲೆ ತಿಳಿಯಿತು.

ಇದನ್ನು ಡಾಕ್ಟರಿಗೆ ಹೇಳಲು ನಾನು ಎರಡು ತಿಂಗಳು ತಡ ಮಾಡಿದೆ, ಅದು ತಪ್ಪು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಪದ ಸಿಗದೆ ತಡಕಾಡುವುದು ಟೋಪಿರಮೇಟ್‌ನ ಗೊತ್ತಿರುವ ತೊಂದರೆ. ಒಮ್ಮೆಲೇ ನಿಲ್ಲಿಸದೆ ನಿಧಾನವಾಗಿ ಇಳಿಸಿದರು. ನಿಲ್ಲಿಸಿ ಮೂರು ವಾರಕ್ಕೆ ಪದಗಳು ವಾಪಸ್ ಬಂದವು.

ಆಮೇಲೆ ಅಸಿಟಜೋಲಮೈಡ್ ಶುರುವಾಯಿತು. ಅದಕ್ಕೂ ಕಾಟ ಇದೆ. ಮೊದಲ ತಿಂಗಳು ಬೆರಳು, ತುಟಿ, ಕಾಲು ಜುಮ್ ಅನ್ನುತ್ತವೆ. ಸೋಡಾ ಕುಡಿದರೆ ಗ್ಯಾಸೇ ಇಲ್ಲದ ಸಪ್ಪೆ ನೀರು. ಪೊಟ್ಯಾಸಿಯಂ ಇಳಿಯಬಹುದು ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮೂತ್ರಕ್ಕೆ ಪದೇ ಪದೇ ಓಡಬೇಕು. ಅದಕ್ಕೇ ಬೆಳಗಿನ ಮಾತ್ರೆ ಐದೂವರೆಗೆ, ಸಂಜೆಯದು ಶಾಲೆ ಬಿಟ್ಟ ಮೇಲೆ. ಬೆಂಗಳೂರಿಗೆ ತೋರಿಸಲು ಹೋಗುವಾಗ ಬಸ್ಸು ಬಿಟ್ಟು ಟ್ರೈನ್ ಹಿಡಿಯುತ್ತೇನೆ. ಇವೆಲ್ಲ ನಾನು ಸುಧಾರಿಸಿಕೊಳ್ಳುವಂಥವು.

ಖರ್ಚು ಹೆಚ್ಚುಕಡಿಮೆ ಒಂದೇ. ಅಸಿಟಜೋಲಮೈಡ್ 250 ಮಿಲಿಗ್ರಾಂನ ಮಾತ್ರೆ ದಿನಕ್ಕೆ ನಾಲ್ಕು, ನನಗೆ ತಿಂಗಳಿಗೆ 500 ರೂಪಾಯಿ ಆಸುಪಾಸು ಆಗುತ್ತದೆ.

2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನೂ ಡಾಕ್ಟರು ವಿವರಿಸಿದರು. 165 ಜನ, ಎಲ್ಲರಿಗೂ ತೂಕ ಇಳಿಸುವ ಪಥ್ಯ, ಸುಮಾರು ಅರ್ಧ ಜನಕ್ಕೆ ಅಸಿಟಜೋಲಮೈಡ್, ಉಳಿದವರಿಗೆ ಮದ್ದೇ ಇಲ್ಲದ ಸುಳ್ಳು ಮಾತ್ರೆ. ಆರು ತಿಂಗಳಲ್ಲಿ ನಿಜವಾದ ಮಾತ್ರೆಯವರ ದೃಷ್ಟಿ ಸ್ವಲ್ಪ ಜಾಸ್ತಿ ಸುಧಾರಿಸಿತ್ತು. ಸ್ವಲ್ಪವೇ. ಟೋಪಿರಮೇಟ್‌ಗೆ ಅಷ್ಟು ದೊಡ್ಡ ಪರೀಕ್ಷೆಯ ಬೆಂಬಲ ಇಲ್ಲ.

ನನ್ನ ನರದ ಊತ 14 ತಿಂಗಳಲ್ಲಿ ಬಹುಪಾಲು ಇಳಿದಿದೆ. ಆದರೆ ಪೂರ್ತಿ ಶ್ರೇಯ ಮಾತ್ರೆಗೆ ಕೊಡಲಾರೆ. ಅಷ್ಟರಲ್ಲಿ ಒಟ್ಟು 9 ಕೆಜಿ ಇಳಿಸಿದ್ದೆ. ರಾತ್ರಿ ಅನ್ನ ಬಿಟ್ಟೆ, ಸಂಜೆ ನಡೆದೆ. ಈ ಕಾಯಿಲೆಯಲ್ಲಿ ತೂಕ ಇಳಿಸುವುದು ಮಾತ್ರೆಯಷ್ಟೇ ದೊಡ್ಡ ಮದ್ದು.

ಮಕ್ಕಳ ಲೆಕ್ಕ ಬೇರೆ. ಕಣ್ಣಿನ ಆಸ್ಪತ್ರೆಯ ಸಾಲಿನಲ್ಲಿ ಒಂಬತ್ತು ವರ್ಷದ ಹುಡುಗ ಸಿಕ್ಕಿದ್ದ, ಕಡ್ಡಿಯಂತೆ ಇದ್ದ. ತಲೆನೋವು ಅಂತ ಒಂದು ದಿನವೂ ಹೇಳಿರಲಿಲ್ಲವಂತೆ. ಒಂದು ಕಣ್ಣು ಮೂಗಿನ ಕಡೆ ತಿರುಗಿದ್ದನ್ನು ಅವನ ಅಮ್ಮ ಗಮನಿಸಿದ್ದರು. ಚಿಕ್ಕ ಮಕ್ಕಳಲ್ಲಿ ತೂಕಕ್ಕೂ ಇದಕ್ಕೂ ಅಷ್ಟು ನಂಟಿಲ್ಲ, ಹುಡುಗರಿಗೂ ಹುಡುಗಿಯರಿಗೂ ಒಂದೇ ಸಮ ಬರುತ್ತದೆ. ಅವನಿಗೂ ಅಸಿಟಜೋಲಮೈಡೇ, ತೂಕಕ್ಕೆ ತಕ್ಕ ಅಳತೆಯಲ್ಲಿ. ಅಂದಿನಿಂದ ನನ್ನ ತರಗತಿಯಲ್ಲಿ ಯಾರಾದರೂ ಕತ್ತು ವಾಲಿಸಿ ಬೋರ್ಡು ನೋಡಿದರೆ ಮನೆಯವರನ್ನು ಕರೆಸುತ್ತೇನೆ.

ಟೋಪಿರಮೇಟ್ ಯಾರಿಗೆ ಆದೀತು? ಮೈಗ್ರೇನೂ ಇದ್ದು, ದಿನವಿಡೀ ಮಾತಾಡುವ ಕೆಲಸ ಇಲ್ಲದವರಿಗೆ. ಆದರೆ ಮಗು ಬೇಕು ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಿ. ಈ ಮಾತ್ರೆಯಿಂದ ಮಗುವಿಗೆ ಸೀಳುತುಟಿ ಬರುವ ಅಪಾಯ ಇದೆ. ಕಿಡ್ನಿ ಕಲ್ಲು ಇದ್ದವರಿಗೆ ಎರಡೂ ತೊಂದರೆಯೇ. ದೃಷ್ಟಿ ದಿನದಿಂದ ದಿನಕ್ಕೆ ಕುಸಿಯುತ್ತಿದ್ದರೆ ಮಾತ್ರೆ ಹೋಲಿಸುತ್ತಾ ಕೂರಬೇಡಿ, ಅಂಥವರಿಗೆ ತಕ್ಷಣ ಆಪರೇಷನ್ ಬೇಕಾಗಬಹುದು.

ಈ ತಿಂಗಳ ಕೊನೆಗೆ ಮತ್ತೆ ಫೀಲ್ಡ್ ಟೆಸ್ಟ್, ಅಂದರೆ ಕಣ್ಣು ಸುತ್ತ ಎಷ್ಟು ದೂರದವರೆಗೆ ಕಾಣುತ್ತದೆ ಅನ್ನುವ ಪರೀಕ್ಷೆ ಇದೆ. ಚೆನ್ನಾಗಿ ಬಂದರೆ ನಾಲ್ಕು ಮಾತ್ರೆ ಮೂರಕ್ಕೆ ಇಳಿಸೋಣ ಅಂದಿದ್ದಾರೆ. ಟ್ರೈನ್ ಟಿಕೆಟ್ ಮಾಡಿಸಿದ್ದೇನೆ.